ಹೆದರಿಕೆಯ ಬೆನ್ನಿಗೇ ಬರುವ ದುಡುಕು

2018ರ ಜುಲೈ ತಿಂಗಳು. ಹೊರಗೆ ಎಡೆಬಿಡದೆ ಮಳೆ ಸುರಿಯುತ್ತಿತ್ತು. ಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದರು. ಅತ್ತೆ ಹಿತ್ತಿಲ ಬಾಗಿಲಲ್ಲಿ ಕುಳಿತು ಮೀನು ಶುಚಿ ಮಾಡುತ್ತಿದ್ದರು. ನಾನು ಕಪಾಟು ತೆರೆದು, ಬಟ್ಟೆಗಳ ಅಡಿಯಲ್ಲಿಟ್ಟಿದ್ದ ನಾಲ್ಕು ಬಳೆಗಳನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ಒಟ್ಟು ಐದು ಪವನಿನ ಬಳೆಗಳು. ಅದು ನನ್ನ ಮಹ್ರ್. ಬುರ್ಖಾ ತೊಟ್ಟು, "ಮಾಮೀ, ಈಗ ಬಂದೆ" ಎಂದಷ್ಟೇ ಹೇಳಿ ರಿಕ್ಷಾ ಹತ್ತಿದೆ.

ಪೇಟೆಯ ಚಿನ್ನದಂಗಡಿಯಲ್ಲಿ ನಾನು ಅಂದಿನ ದರ ಕೇಳಲಿಲ್ಲ. ತೂಕ ಮಾಡುವಾಗ ತಕ್ಕಡಿಯ ಕಡೆಗೆ ನೋಡಲೂ ಇಲ್ಲ. ಅವರು ಹೇಳಿದ ಬೆಲೆಗೆ ತಲೆಯಾಡಿಸಿದೆ. ಸಿಕ್ಕಿದ ಹಣದ ಬಹುಪಾಲನ್ನು ಬಸ್ ನಿಲ್ದಾಣದ ಬಳಿಯ ಒಂದು ಖಾಲಿ ಕೋಣೆಗೆ ಮುಂಗಡವಾಗಿ ಕೊಟ್ಟೆ. ಅಲ್ಲಿ ಬಟ್ಟೆ ಅಂಗಡಿ ತೆರೆಯಬೇಕೆಂಬುದು ನನ್ನ ಯೋಚನೆಯಾಗಿತ್ತು. ಆ ಯೋಚನೆ ಹುಟ್ಟಿದ್ದು ಹಿಂದಿನ ರಾತ್ರಿ ಎರಡು ಗಂಟೆಗೆ. ಹನ್ನೊಂದಕ್ಕೆ ಮನೆ ಬಿಟ್ಟವಳು ಹನ್ನೆರಡೂವರೆಗೆ ಮರಳಿ ಬಂದು ಅನ್ನಕ್ಕೆ ಇಟ್ಟೆ. ಹದಿನಾಲ್ಕು ವರ್ಷ ಜೋಪಾನವಾಗಿ ಇಟ್ಟುಕೊಂಡದ್ದನ್ನು ಕಳೆದುಕೊಳ್ಳಲು ಒಂದೂವರೆ ಗಂಟೆ ಸಾಕಾಯಿತು.

ಅಂಗಡಿ ತೆರೆಯಲಿಲ್ಲ. ಮುಂಗಡವೂ ಹಿಂದೆ ಬರಲಿಲ್ಲ. ವಿಷಯ ತಿಳಿದಾಗ ಮನೆಯಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. "ಯಾಕೆ ಹೀಗೆ ಮಾಡಿದೆ?" ಗಲ್ಫ್‌ನಲ್ಲಿದ್ದ ಪತಿ ಫೋನಿನಲ್ಲಿ ಕೇಳಿದರು. ಉಮ್ಮ ಅಳುತ್ತಾ ಕೇಳಿದರು. ಅಣ್ಣ ಗದರಿಸಿ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. "ಕೈಯಲ್ಲಿ ಹಣ ಕಂಡರೆ ಇವಳಿಗೆ ಅಮಲು" ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಅದೇ ನಿಜವಿರಬೇಕೆಂದು ನಾನೂ ನಂಬಿದೆ. ಅದಕ್ಕೆ ಮುಂಚಿನ ಎರಡು ವಾರ ನಾನು ಹೇಗಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ, "ತುಂಬಾ ಹೆದರಿಕೆಯಾಗುತ್ತಿತ್ತು" ಎಂದು ಹೇಳುತ್ತಿದ್ದೆನೋ ಏನೋ.

ಕಾಯಿಲೆಗೆ ಹೆಸರು ಸಿಗಲು ಮೂರು ವರ್ಷ

2009ರಲ್ಲಿ ಮಗಳು ಹುಟ್ಟಿದ ನಂತರ ನನಗೆ ಏನೋ ಆಯಿತು. ಮಗು ಅತ್ತರೆ ಎತ್ತಿಕೊಳ್ಳಲು ಕೈ ಏಳುತ್ತಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ. ಬಾಣಂತಿಯರಿಗೆ ಹೀಗೆಲ್ಲ ಆಗುವುದುಂಟು ಎಂದರು. ದೃಷ್ಟಿ ತಾಗಿದೆ ಎಂದರು. ಮಂತ್ರಿಸಿದ ನೀರು ತಂದುಕೊಟ್ಟರು. ಯಾರದ್ದೂ ಕೆಟ್ಟ ಉದ್ದೇಶವಾಗಿರಲಿಲ್ಲ, ಅವರಿಗೆ ತಿಳಿದದ್ದನ್ನು ಅವರು ಮಾಡಿದರು. ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಯಿತು. ಎಲ್ಲರೂ ಮರೆತುಬಿಟ್ಟರು.

2012ರಲ್ಲಿ ಇನ್ನೊಂದು ರೂಪದಲ್ಲಿ ಬಂತು. ಮೂರು ವಾರ ನನಗೆ ನಿದ್ದೆಯೇ ಬೇಕೆನಿಸಲಿಲ್ಲ. ರಾತ್ರಿ ಎರಡು ಗಂಟೆ ಮಲಗಿದರೆ ಸಾಕು, ದಣಿವೇ ಇಲ್ಲ. ನಡುರಾತ್ರಿ ಎದ್ದು ಮನೆಯ ಪಾತ್ರೆಗಳನ್ನೆಲ್ಲ ತಿಕ್ಕುತ್ತಿದ್ದೆ. ಮಾತು ನಿಲ್ಲುತ್ತಿರಲಿಲ್ಲ. ನೆರೆಯವರ ಮೇಲೆ ಸಿಡುಕಿದೆ. ಯಾರದೋ ಮಗಳ ಮದುವೆಯ ಪೂರ್ತಿ ಖರ್ಚು ನನ್ನದೇ ಎಂದು ಮಾತು ಕೊಟ್ಟು ಬಂದೆ. ಆಗ ಅಣ್ಣ ಒತ್ತಾಯದಿಂದ ಮನೋವೈದ್ಯರ ಬಳಿಗೆ ಕರೆದೊಯ್ದ. ಡಾಕ್ಟರ್ ಎರಡು ಗಂಟೆ ಕಾಲ ಹಳೆಯದನ್ನೆಲ್ಲ ಕೇಳಿ, ಇದಕ್ಕೆ ಬೈಪೋಲಾರ್ ಡಿಸಾರ್ಡರ್ ಎನ್ನುತ್ತಾರೆ ಎಂದರು.

ಈ ಕಾಯಿಲೆಯಲ್ಲಿ ಮನಸ್ಸು ಎರಡು ತುದಿಗಳ ನಡುವೆ ತೂಗಾಡುತ್ತದೆ. ಒಂದು ತುದಿಯಲ್ಲಿ ಖಿನ್ನತೆ, ಮತ್ತೊಂದರಲ್ಲಿ ಉನ್ಮಾದ. ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಆಗದವರಂತೆ ಇರುವುದೂ ಉಂಟು. ಸಾಮಾನ್ಯವಾಗಿ ಇದು ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಪ್ರಾಯದಲ್ಲಿ ತಲೆದೋರುತ್ತದೆ. ಹೆರಿಗೆಯ ನಂತರದ ವಾರಗಳಲ್ಲಿ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಈ ಕಾಯಿಲೆ ಇದ್ದ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ ಎಂದು ಕಂಡುಬಂತು. ನಾನು ಉಳಿದ ಮೂವರ ಸಾಲಿನಲ್ಲಿದ್ದೆ. ಆದರೂ ಎಡವಿದೆ.

ಕಾರಣ ಸರಳ. ಮಾತ್ರೆಯಿಂದ ಮೈತೂಕ ಹೆಚ್ಚಿತು, ಕೈ ಸಣ್ಣಗೆ ನಡುಗುತ್ತಿತ್ತು. ಐದು ವರ್ಷ ಚೆನ್ನಾಗಿದ್ದೆನಲ್ಲ, ಇನ್ನೇಕೆ ಮಾತ್ರೆ ಎಂದು 2017ರ ಕೊನೆಗೆ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಎಂಟನೇ ತಿಂಗಳಲ್ಲಿ ಬಳೆಗಳು ಹೋದವು.

ನೋಟ್ ಪುಸ್ತಕ ಹೇಳಿದ ಸತ್ಯ

ಮತ್ತೆ ಚಿಕಿತ್ಸೆಗೆ ಹೋದಾಗ ಈ ಬಾರಿ ಸಿಕ್ಕಿದವರು ಬೇರೊಬ್ಬ ಡಾಕ್ಟರ್, ನಡುವಯಸ್ಸಿನ ಮಹಿಳೆ. ಬಳೆಯ ಕಥೆ ಕೇಳಿ ಅವರು ಗದರಿಸಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. "ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಈವರೆಗೆ ನೀವು ದುಡುಕಿ ಮಾಡಿದ್ದೆಲ್ಲ ಬರೆಯಿರಿ. ಆದರೆ ಏನು ಮಾಡಿದಿರಿ ಎಂದಲ್ಲ. ಅದಕ್ಕೆ ಮುಂಚಿನ ಒಂದು ದಿನ ನಿಮ್ಮ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿತ್ತು ಎಂದು ಬರೆಯಿರಿ" ಎಂದರು.

ಮಕ್ಕಳು ಮಲಗಿದ ಮೇಲೆ ಕುಳಿತು ನೆನಪು ಮಾಡಿ ಬರೆದೆ. ಏಳು ಘಟನೆಗಳು. ಬಳೆ ಮಾರಿದ್ದು. ಶಾಲೆಯ ಟೀಚರ್ ಕೆಲಸಕ್ಕೆ ಒಂದೇ ಸಾಲಿನ ರಾಜೀನಾಮೆ ಬರೆದುಕೊಟ್ಟು ಬಂದದ್ದು. ಅತ್ತಿಗೆಗೆ ಮದುವೆ ಮನೆಯಲ್ಲಿ ಎಲ್ಲರೆದುರು ಬೈದದ್ದು. ಮಗನನ್ನು ಒಂದು ಸಣ್ಣ ತಪ್ಪಿಗೆ ಹೊಡೆದದ್ದು. ಹೀಗೆ ಏಳು. ಬರೆದು ಮುಗಿಸಿ ಓದಿದಾಗ ನನಗೇ ಆಶ್ಚರ್ಯವಾಯಿತು. ಏಳಕ್ಕೆ ಏಳರಲ್ಲೂ ಮೊದಲ ಸಾಲು ಹೆದರಿಕೆಯದ್ದೇ ಆಗಿತ್ತು.

ಬಳೆಯ ದಿನದ್ದನ್ನು ಹೀಗೆ ಬರೆದಿದ್ದೆ. ಎರಡು ವಾರದಿಂದ ಎದೆ ಡವಗುಟ್ಟುತ್ತಿತ್ತು. ಪತಿಯ ಕಂಪೆನಿಯಲ್ಲಿ ಕೆಲವರನ್ನು ಊರಿಗೆ ಕಳುಹಿಸಿದ್ದಾರೆಂದು ಕೇಳಿದ್ದೆ. ಅವರ ಕೆಲಸವೂ ಹೋಗುತ್ತದೆ, ಮನೆಯ ಸಾಲ ಕಟ್ಟಲಾಗುವುದಿಲ್ಲ, ಮಕ್ಕಳು ಬೀದಿಗೆ ಬೀಳುತ್ತಾರೆ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ರಾತ್ರಿ ನಾಲ್ಕು ಸಲ ಎದ್ದು ಗ್ಯಾಸ್ ಆಫ್ ಆಗಿದೆಯೇ ಎಂದು ನೋಡುತ್ತಿದ್ದೆ. ಹೊಟ್ಟೆಯಲ್ಲಿ ಕಲ್ಲು ಇಟ್ಟಂತೆ. ಕುಳಿತಲ್ಲಿ ಕೂರಲಾಗದು. ಅಂಗಡಿ ತೆರೆಯಬೇಕೆಂಬ ಯೋಚನೆ ಬಂದ ಕ್ಷಣ ಆ ಕಲ್ಲು ಕರಗಿತು. ರಿಕ್ಷಾದಲ್ಲಿ ಕುಳಿತಾಗ ಎರಡು ವಾರದಲ್ಲಿ ಮೊದಲ ಬಾರಿಗೆ ಸರಿಯಾಗಿ ಉಸಿರಾಡಿದೆ. ನಾನು ಬಳೆ ಮಾರಿದ್ದು ಖುಷಿಯ ಅಮಲಿನಲ್ಲಿ ಅಲ್ಲ, ಆ ಹೆದರಿಕೆಯಿಂದ ತಪ್ಪಿಸಿಕೊಳ್ಳಲು.

ಪುಸ್ತಕ ಓದಿದ ಡಾಕ್ಟರ್ ತಲೆಯಾಡಿಸಿದರು. "ನೋಡಿ, ಎಲ್ಲರೂ ತಿಳಿದಿರುವುದು ಏನು? ಹೆದರುವವರು ಹಿಂದೆ ಸರಿಯುತ್ತಾರೆ, ಹೆದರಿಕೆ ಇಲ್ಲದವರು ದುಡುಕುತ್ತಾರೆ ಎಂದು. ನಿಮ್ಮ ಕಾಯಿಲೆ ಇರುವವರಲ್ಲಿ ಅನೇಕರಿಗೆ ಹೀಗಲ್ಲ. ಎರಡೂ ಒಟ್ಟಿಗೇ ಬರುತ್ತವೆ" ಎಂದರು.

ಆತಂಕ ಮತ್ತು ದುಡುಕಿನ ನಂಟು

ಅವರು ಹೇಳಿದ್ದನ್ನು, ನಂತರ ನಾನೇ ಓದಿ ತಿಳಿದುಕೊಂಡದ್ದನ್ನು ಸಹೋದರಿಯರಿಗಾಗಿ ಇಲ್ಲಿ ಸರಳವಾಗಿ ಬರೆಯುತ್ತೇನೆ.

ಬೈಪೋಲಾರ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಜೀವನದ ಯಾವುದಾದರೊಂದು ಹಂತದಲ್ಲಿ ಆತಂಕದ ಕಾಯಿಲೆಯೂ ಜೊತೆಗಿರುತ್ತದೆ. ಕೆಲವರಿಗೆ ಸದಾ ಚಿಂತೆ, ಕೆಲವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗಿ ಸಾಯುತ್ತೇನೆಂಬ ಭಯ, ಇನ್ನು ಕೆಲವರಿಗೆ ನಾಲ್ಕು ಜನರ ನಡುವೆ ಹೋಗಲು ಅಂಜಿಕೆ. 2008ರಲ್ಲಿ ಅಮೇರಿಕದ ಸಂಶೋಧಕರು ಬೈಪೋಲಾರ್ ಇರುವ ನೂರಕ್ಕೂ ಹೆಚ್ಚು ಮಂದಿಯ ಕುರಿತ ಒಂದು ಅಧ್ಯಯನವನ್ನು ಪ್ರಕಟಿಸಿದರು. ದುಡುಕು ಸ್ವಭಾವವನ್ನು ಅಳೆಯಲು ಬ್ಯಾರಟ್ ಮಾಪಕ ಎಂಬ 30 ಪ್ರಶ್ನೆಗಳ ಪಟ್ಟಿಯೊಂದಿದೆ. ಯೋಚಿಸದೆ ಕೆಲಸಕ್ಕಿಳಿಯುವುದು, ಮುಂದಿನದ್ದನ್ನು ಆಲೋಚಿಸದಿರುವುದು, ಒಂದರಲ್ಲಿ ಗಮನ ನಿಲ್ಲದಿರುವುದು, ಈ ಮೂರೂ ಅದರಲ್ಲಿ ಸೇರಿವೆ. ಆತಂಕದ ಕಾಯಿಲೆಯೂ ಜೊತೆಗಿದ್ದವರ ಅಂಕ, ಅದು ಇಲ್ಲದವರ ಅಂಕಕ್ಕಿಂತ ಹೆಚ್ಚಾಗಿತ್ತು. ಆತಂಕದ ಲಕ್ಷಣಗಳು ಹೆಚ್ಚಿದ್ದಷ್ಟೂ ದುಡುಕು ಕೂಡಾ ಹೆಚ್ಚಿರುವುದು ಕಂಡುಬಂತು. ಮುಂದೆ 2013ರಲ್ಲಿ ಅಮೇರಿಕದ ಮನೋವೈದ್ಯರ ಸಂಘವು ರೋಗನಿರ್ಣಯದ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ, ಬೈಪೋಲಾರ್ ಇರುವವರಲ್ಲಿ ಆತಂಕದ ಕಳವಳವೂ ಇದೆಯೇ ಎಂದು ಪ್ರತ್ಯೇಕವಾಗಿ ಗುರುತಿಸಲು ಅದರಲ್ಲಿ ಸ್ಥಾನ ಕೊಟ್ಟಿತು.

ಇದು ನಡೆಯುವುದು ಹೇಗೆ? ಒಲೆಯ ಮೇಲಿನ ಬಿಸಿ ಪಾತ್ರೆ ಕೈಗೆ ತಾಗಿದರೆ ನಾವು ಯೋಚಿಸುತ್ತಾ ನಿಲ್ಲುವುದಿಲ್ಲ, ಕೈ ಹಿಂದಕ್ಕೆ ಎಳೆಯುತ್ತೇವೆ. ತೀವ್ರವಾದ ಆತಂಕವೂ ಹಾಗೆಯೇ. ಅದನ್ನು ಸಹಿಸಲಾಗದೆ, ಏನಾದರೂ ಮಾಡಿ ಈಗಲೇ ಇದು ನಿಲ್ಲಬೇಕು ಅನಿಸುತ್ತದೆ. ಖರೀದಿಸಿದರೆ, ಬೈದರೆ, ಬಿಟ್ಟು ಹೊರಟರೆ ಒಂದು ಗಳಿಗೆ ಎದೆ ಹಗುರಾಗುತ್ತದೆ. ಆ ಹಗುರವನ್ನು ಮಿದುಳು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹೆದರಿಕೆ ಬಂದಾಗ ಅದೇ ದಾರಿ ತೋರಿಸುತ್ತದೆ. "ತಡಿ, ಸ್ವಲ್ಪ ಯೋಚಿಸು" ಎಂದು ಹೇಳುವ ಕೆಲಸ ಮಿದುಳಿನ ಮುಂಭಾಗದ್ದು. ಈ ಕಾಯಿಲೆ ಕೆರಳಿದಾಗ ಆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನಿದ್ದೆಗೆಟ್ಟರೆ ಇನ್ನಷ್ಟು ಸಡಿಲವಾಗುತ್ತದೆ. ಉನ್ಮಾದದ ಚುರುಕು, ಖಿನ್ನತೆಯ ಸಂಕಟ ಎರಡೂ ಒಂದೇ ಹೊತ್ತಿನಲ್ಲಿ ಇರುವ ಮಿಶ್ರ ಸ್ಥಿತಿಯೂ ಉಂಟು. ಹೊರಗಿನವರಿಗೆ ಆಗ ನಾವು ಉತ್ಸಾಹದಿಂದ ಇರುವಂತೆ ಕಾಣುತ್ತೇವೆ. ಒಳಗೆ ನಡುಗುತ್ತಿರುತ್ತೇವೆ. ಜುಲೈಯಲ್ಲಿ ನಾನು ಇದ್ದದ್ದು ಅಂತಹ ಸ್ಥಿತಿಯಲ್ಲಿ ಎಂದು ಡಾಕ್ಟರ್ ಹೇಳಿದರು.

ಹಾಗೆಂದು ಎಲ್ಲ ದುಡುಕಿಗೂ ಆತಂಕವೇ ಕಾರಣ ಎನ್ನುವಂತಿಲ್ಲ. ಎರಡೂ ಜೊತೆಗಿವೆ ಎಂದು ಅಧ್ಯಯನಗಳು ತೋರಿಸುತ್ತವೆ. ಯಾವುದರಿಂದ ಯಾವುದು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರಬಹುದು. ಶುದ್ಧ ಉನ್ಮಾದದಲ್ಲಿ ಹೆದರಿಕೆಯೇ ಇಲ್ಲದೆ ದುಡುಕುವವರೂ ಇದ್ದಾರೆ. ದುಡುಕಿದ ಮೇಲೆ ಅದರ ಪರಿಣಾಮ ನೆನೆದು ಹೆದರಿಕೆ ಹೆಚ್ಚುವುದೂ ಇದೆ. ಬಳೆ ಮಾರಿ ಬಂದ ಸಂಜೆಯೇ ನನ್ನ ಎದೆ ಮತ್ತೆ ಡವಗುಟ್ಟತೊಡಗಿತ್ತು, ಮೊದಲಿಗಿಂತ ಜೋರಾಗಿ. ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುವುದು.

ಮಗಳ ಪ್ರಶ್ನೆ

ಬಳೆ ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಪತಿ ನಾಲ್ಕು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮನೆ ಖರ್ಚಿನ ಹಣ ನನ್ನ ಖಾತೆಗೆ ಬರುವ ಬದಲು ಅತ್ತೆಯ ಖಾತೆಗೆ ಬರತೊಡಗಿತು. ಹಾಲಿನವನಿಗೆ ಕೊಡಲೂ ಅತ್ತೆಯ ಮುಂದೆ ಕೈಚಾಚಬೇಕಾಯಿತು. ಅವರು ಕೊಡುತ್ತಿದ್ದರು, ಒಂದು ಮಾತೂ ಆಡದೆ. ಆ ಮೌನವೇ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಬೆಳಿಗ್ಗೆ ಮಗಳ ಜಡೆ ಹೆಣೆಯುತ್ತಿದ್ದೆ. ಆಗ ಅವಳಿಗೆ ಒಂಬತ್ತು ವರ್ಷ. ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಉಮ್ಮಾ, ಇವತ್ತು ನೀನು ಯಾವ ಉಮ್ಮ?" ಎಂದು ಕೇಳಿದಳು. ಹೆಣೆಯುತ್ತಿದ್ದ ಕೈ ನಿಂತುಹೋಯಿತು. ಅವಳು ದಿನಾ ಎದ್ದ ಕೂಡಲೇ ನನ್ನ ಮುಖ ಓದಿ, ಅಂದು ಜೋರಾಗಿ ನಗಬಹುದೇ ಬಾರದೇ ಎಂದು ತೀರ್ಮಾನಿಸುತ್ತಿದ್ದಳೆಂದು ಆಗ ತಿಳಿಯಿತು. ನನ್ನ ಹೆದರಿಕೆ ಅವಳಿಗೂ ದಾಟಿತ್ತು.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ಬರೆಯದಿದ್ದರೆ ಈ ಲೇಖನವೇ ಅಪೂರ್ಣ. ಆ ವರ್ಷದ ಕೊನೆಗೆ ಒಂದು ರಾತ್ರಿ, ನಾನಿಲ್ಲದಿದ್ದರೆ ಇವರೆಲ್ಲ ಸುಖವಾಗಿರುತ್ತಾರೆ ಎಂಬ ಯೋಚನೆ ಬಂತು. ಹೆದರಿಕೆ, ಸಂಕಟ ಮತ್ತು ದುಡುಕು ಒಂದಾಗಿ ಬಂದ ರಾತ್ರಿ ಅದು. ಯೋಚನೆಗೂ ಕೃತ್ಯಕ್ಕೂ ನಡುವೆ ಹೆಚ್ಚು ಸಮಯವಿರಲಿಲ್ಲ. ಅಷ್ಟರಲ್ಲಿ ಮಗಳು ನಿದ್ದೆಗಣ್ಣಿನಲ್ಲಿ ಎದ್ದು ಬಂದು ನೀರು ಕೇಳಿದಳು. ಕೊಟ್ಟೆ. ಅವಳ ಪಕ್ಕದಲ್ಲೇ ಮಲಗಿದೆ. ಬೆಳಿಗ್ಗೆ ಎದ್ದಾಗ ಆ ಯೋಚನೆ ಹೋಗಿತ್ತು. ಅಲ್‌ಹಮ್ದುಲಿಲ್ಲಾಹ್. ಆತಂಕ ಮತ್ತು ದುಡುಕು ಕೂಡಿದಾಗ ಜೀವಕ್ಕೆ ಅಪಾಯ ಹೆಚ್ಚೆಂದು ಡಾಕ್ಟರ್ ನಂತರ ಹೇಳಿದರು. ಆದರೆ ಆ ಕ್ಷಣ ದಾಟಿಹೋಗುತ್ತದೆ, ಅದು ದಾಟುವವರೆಗೆ ಒಬ್ಬರು ಜೊತೆಗಿದ್ದರೆ ಸಾಕು ಎಂದೂ ಹೇಳಿದರು. ನಿಮ್ಮ ಮನೆಯಲ್ಲಿ ಯಾರಾದರೂ ಇಂತಹ ಮಾತು ಆಡಿದರೆ, "ನಾಟಕ" ಎನ್ನಬೇಡಿ. ಒಬ್ಬರೇ ಇರಲು ಬಿಡಬೇಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ.

ನಾವು ಮಾಡಿಕೊಂಡ ಏರ್ಪಾಡುಗಳು

ಪತಿ ರಜೆಯಲ್ಲಿ ಬಂದಾಗ ಡಾಕ್ಟರ್ ಅವರನ್ನೂ ಅತ್ತೆಯನ್ನೂ ಕರೆಸಿದರು. ನೋಟ್ ಪುಸ್ತಕವನ್ನು ನನ್ನ ಅನುಮತಿಯಿಂದ ಅವರಿಗೆ ಓದಲು ಕೊಟ್ಟರು. ಪತಿ ಓದಿ ಮುಗಿಸಿ ತುಂಬಾ ಹೊತ್ತು ಸುಮ್ಮನಿದ್ದರು. "ನನ್ನ ಕೆಲಸ ಹೋಗುತ್ತದೆಂದು ಹೆದರಿದ್ದೆಯಾ? ನನ್ನಲ್ಲಿ ಒಂದು ಮಾತು ಕೇಳಬಾರದಿತ್ತಾ?" ಎಂದರು. ಕೇಳಬಹುದಿತ್ತು. ಆದರೆ, "ನನಗೆ ಹೆದರಿಕೆಯಾಗಿದೆ" ಎಂದು ಹೇಳುವುದು ನನಗೆ ತಿಳಿದಿರಲಿಲ್ಲ. ಹೇಳಿದರೆ ದೂರದಲ್ಲಿರುವವರಿಗೆ ಸುಮ್ಮನೆ ಚಿಂತೆ ಎಂದು ನುಂಗಿಕೊಳ್ಳುತ್ತಿದ್ದೆ. ಗಲ್ಫ್‌ನಲ್ಲಿ ಪತಿಯಿರುವ ನಮ್ಮ ಎಷ್ಟೋ ಸಹೋದರಿಯರು ಹೀಗೆಯೇ ನುಂಗುತ್ತಾರೆ.

ಅಂದು ಎಲ್ಲರೂ ಕುಳಿತು ಕೆಲವು ಏರ್ಪಾಡು ಮಾಡಿಕೊಂಡೆವು. ಮೊದಲನೆಯದು ಎರಡು ದಿನದ ನಿಯಮ. ಒಂದು ಸಾವಿರ ರೂಪಾಯಿಗಿಂತ ದೊಡ್ಡ ಯಾವ ಖರ್ಚಿದ್ದರೂ, ಕೆಲಸ ಬಿಡುವುದು, ಸಂಬಂಧ ಕಡಿದುಕೊಳ್ಳುವುದು ಮುಂತಾದ ಯಾವ ತೀರ್ಮಾನವಿದ್ದರೂ ಎರಡು ರಾತ್ರಿ ಮಲಗಿ ಎದ್ದ ಮೇಲೆಯೇ. ಎರಡನೆಯದು, ಉಳಿದ ಚಿನ್ನ ಬ್ಯಾಂಕಿನ ಲಾಕರಿಗೆ ಹೋಯಿತು. ನಾನು ಮತ್ತು ಅತ್ತೆ ಇಬ್ಬರೂ ಸಹಿ ಹಾಕಿದರೆ ಮಾತ್ರ ತೆರೆಯುವಂತೆ ಮಾಡಿದೆವು. ಖರ್ಚಿನ ಹಣ ಮತ್ತೆ ನನ್ನ ಖಾತೆಗೇ ಬರತೊಡಗಿತು. ಮೊಬೈಲ್‌ನಿಂದ ಒಂದು ದಿನಕ್ಕೆ ಇಷ್ಟೇ ಪಾವತಿ ಎಂಬ ಮಿತಿಯನ್ನು ನಾನೇ ಇಟ್ಟೆ. ನಾನು ಸ್ವಸ್ಥವಾಗಿರುವಾಗ, ನನ್ನ ಒಪ್ಪಿಗೆಯಿಂದಲೇ ಮಾಡಿದ ಏರ್ಪಾಡಾದ್ದರಿಂದ ಅದು ಅವಮಾನ ಅನಿಸಲಿಲ್ಲ.

ಮೂರನೆಯದು ನಿದ್ದೆ. ರಾತ್ರಿ ಹತ್ತೂವರೆಗೆ ಮಲಗಬೇಕು, ಮದುವೆಯಿರಲಿ, ನೆಂಟರಿರಲಿ. ಮಧ್ಯಾಹ್ನದ ಬಳಿಕ ಚಹಾ ಇಲ್ಲ. ಎರಡು ರಾತ್ರಿ ಸತತವಾಗಿ ನಿದ್ದೆ ಕಡಿಮೆಯಾದರೆ ಡಾಕ್ಟರಿಗೆ ಫೋನ್. ನಾಲ್ಕನೆಯದು ಅತ್ತೆಗೆ ವಹಿಸಿದ ಕೆಲಸ. ನಾನು ಚಡಪಡಿಸುವುದು ಕಂಡರೆ, "ಯಾಕೆ ಹೀಗೆ ಮಾಡ್ತೀ?" ಎನ್ನುವ ಬದಲು, "ಹೆದರಿಕೆಯಾಗ್ತಾ ಇದೆಯಾ?" ಎಂದು ಕೇಳಬೇಕು. ಮೊದಮೊದಲು ಅವರಿಗೆ ಅದು ವಿಚಿತ್ರವೆನಿಸುತ್ತಿತ್ತು. ನಂತರ ರೂಢಿಯಾಯಿತು. ಹೌದೆಂದು ಬಾಯಿಬಿಟ್ಟು ಹೇಳಿದ ಕೂಡಲೇ ಅರ್ಧ ಭಾರ ಇಳಿಯುವುದು ನನ್ನ ಅನುಭವ. ಆಪ್ತಸಮಾಲೋಚಕಿಯೊಬ್ಬರು ನಿಧಾನವಾಗಿ ಉಸಿರು ಬಿಡುವುದನ್ನು, "ನಿಜವಾಗಿ ನಡೆದದ್ದೇನು, ನಾನು ಊಹಿಸಿಕೊಂಡದ್ದೇನು" ಎಂದು ಎರಡು ಸಾಲಿನಲ್ಲಿ ಬರೆಯುವುದನ್ನು ಕಲಿಸಿದರು.

ಮಾತ್ರೆಗಳ ಬಗ್ಗೆ

ನಾನು ಸೇವಿಸುವುದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಇದನ್ನು ಉನ್ಮಾದಕ್ಕೆ ಮದ್ದಾಗಿ ಬಳಸಿದ ವರದಿ ಪ್ರಕಟಿಸಿದರು. ಹಳೆಯ ಔಷಧಿ, ಒಳ್ಳೆಯ ಔಷಧಿ, ಆದರೆ ಅಳತೆ ತಪ್ಪಬಾರದ ಔಷಧಿ. ರಾತ್ರಿಯ ಮಾತ್ರೆ ಸೇವಿಸಿ 12 ಗಂಟೆಯ ನಂತರ ರಕ್ತ ಪರೀಕ್ಷೆ ಮಾಡಿಸಿದಾಗ ಅದರ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಆಗಾಗ ಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಪ್ರಮಾಣವನ್ನು ಹೆಚ್ಚಿಸಬಲ್ಲವು. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡೆಯುವಾಗ ತೂರಾಡುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆತಂಕಕ್ಕೆಂದು ನಿದ್ದೆಮಾತ್ರೆಗಳನ್ನು ತಾವೇ ತಂದು ನುಂಗುವುದು ಸರಿಯಲ್ಲ, ಅವು ಅಭ್ಯಾಸವಾಗಿಬಿಡುತ್ತವೆ. ಖಿನ್ನತೆಯ ಮಾತ್ರೆಯನ್ನು ಒಂದನ್ನೇ ಕೊಟ್ಟರೆ ಬೈಪೋಲಾರ್ ಇರುವ ಕೆಲವರಲ್ಲಿ ಉನ್ಮಾದ ಕೆರಳುವುದುಂಟು. ಆದ್ದರಿಂದ ಹಿಂದೆ ಎಂದಾದರೂ ನಿದ್ದೆಯಿಲ್ಲದೆ ಅತಿ ಉತ್ಸಾಹದಿಂದ ಇದ್ದುದನ್ನು ಡಾಕ್ಟರರಲ್ಲಿ ಮುಚ್ಚಿಡಬಾರದು. ಮಕ್ಕಳಾಗುವ ವಯಸ್ಸಿನ ಸಹೋದರಿಯರಿಗೆ ಇನ್ನೊಂದು ಮಾತು. ಈ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್ ಎಂಬ ಮಾತ್ರೆಯಿಂದ ಗರ್ಭದಲ್ಲಿರುವ ಮಗುವಿಗೆ ತೊಂದರೆಯಾಗುವ ಅಪಾಯವಿದೆ. ಮದುವೆ ನಿಶ್ಚಯವಾದಾಗ, ಮಗು ಬೇಕೆನಿಸಿದಾಗ ಮೊದಲೇ ಡಾಕ್ಟರರೊಡನೆ ಮಾತನಾಡಿ. ಆದರೆ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಅದರ ಬೆಲೆ ನನಗೆ ಗೊತ್ತಿದೆ.

ರಮಝಾನ್ ಬಂದಾಗ ನಮ್ಮ ಮನೆಯಲ್ಲಿ ಪ್ರತಿ ವರ್ಷ ಈ ಚರ್ಚೆ ನಡೆಯುತ್ತದೆ. ಉಪವಾಸದಲ್ಲಿ ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ಪ್ರಮಾಣ ಏರಬಹುದು. ಸಹರಿಗಾಗಿ ಏಳುವುದರಿಂದ ನಿದ್ದೆಯ ಹೊತ್ತು ಬದಲಾಗುತ್ತದೆ. ನಾನು ಒಂದು ತಿಂಗಳು ಮುಂಚೆಯೇ ಡಾಕ್ಟರರನ್ನು ಕಾಣುತ್ತೇನೆ. ರಕ್ತ ಪರೀಕ್ಷೆ ನೋಡಿ ಅವರು ತೀರ್ಮಾನಿಸುತ್ತಾರೆ. 2021ರ ರಮಝಾನ್ ಏಪ್ರಿಲ್ ಮೇ ತಿಂಗಳ ಸುಡುಬಿಸಿಲಿನಲ್ಲಿ ಬಂದಾಗ ಬೇಡವೆಂದರು. ಕಾಯಿಲೆಯವರಿಗೆ ಧರ್ಮದಲ್ಲಿ ರಿಯಾಯಿತಿ ಇರುವುದು ಎಲ್ಲರಿಗೂ ಗೊತ್ತು. ಆದರೆ ಕಾಯಿಲೆ ಕಣ್ಣಿಗೆ ಕಾಣುವಂತಿರಬೇಕು ಎಂದು ಜನ ನಿರೀಕ್ಷಿಸುತ್ತಾರೆ. "ನೋಡಲು ಚೆನ್ನಾಗಿಯೇ ಇದ್ದೀಯಲ್ಲ" ಎಂದು ನೆರೆಮನೆಯವರು ಕೇಳಿದಾಗ ನಾನು ಉತ್ತರ ಹುಡುಕುತ್ತಿದ್ದೆ. ಅತ್ತೆ ನನಗಿಂತ ಮುಂಚೆ ಹೇಳಿದರು: "ಸಕ್ಕರೆ ಕಾಯಿಲೆ ಕಣ್ಣಿಗೆ ಕಾಣ್ತದಾ? ಇದೂ ಹಾಗೆ." ಅಂದು ನಾನು ಒಳಗೆ ಹೋಗಿ ಅತ್ತೆ. ಹೆದರಿಕೆಯಿಂದಲ್ಲ.

ಈಗ

ಪತಿ ಈಗ ಊರಿನಲ್ಲೇ ಇದ್ದಾರೆ. ಸಣ್ಣದೊಂದು ದಿನಸಿ ಅಂಗಡಿ ನಡೆಸುತ್ತಾರೆ. ನಾನು ಮನೆಯಲ್ಲೇ ಹತ್ತು ಮಕ್ಕಳಿಗೆ ಟ್ಯೂಷನ್ ಕೊಡುತ್ತೇನೆ. ಪೂರ್ಣ ಗುಣವಾಗಿದ್ದೇನೆ ಎಂದು ಹೇಳಿದರೆ ಅದು ಸುಳ್ಳಾದೀತು. ಕಳೆದ ಮಳೆಗಾಲದಲ್ಲಿ ಮಗನ ಕೆಲಸದ ಚಿಂತೆ ಹಿಡಿದಾಗ, ಒಂದು ಮಧ್ಯರಾತ್ರಿ ಮೊಬೈಲ್‌ನಲ್ಲಿ ಮೂರು ಜೊತೆ ಪರದೆ ಬಟ್ಟೆ ಆರ್ಡರ್ ಮಾಡಿಬಿಟ್ಟಿದ್ದೆ. ನಮ್ಮ ಮನೆಗಿರುವುದು ನಾಲ್ಕು ಕಿಟಕಿ. ಬೆಳಿಗ್ಗೆ ನಾನೇ ಪತಿಗೆ ಹೇಳಿದೆ. "ಪರದೆ ಇರಲಿ, ಚಿಂತೆ ಏನು ಹೇಳು" ಎಂದರು. ಎರಡು ಜೊತೆ ಹಿಂದಕ್ಕೆ ಕಳುಹಿಸಿದೆವು. ಒಂದು ಜೊತೆ ಉಳಿಸಿಕೊಂಡೆವು. ಡಾಕ್ಟರರಿಗೂ ತಿಳಿಸಿದೆ, ಆ ತಿಂಗಳು ಮಾತ್ರೆಯ ಪ್ರಮಾಣ ಸ್ವಲ್ಪ ಬದಲಾಯಿಸಿದರು. ಐದು ಪವನಿನ ಬಳೆಗಳಿಂದ ಒಂದು ಜೊತೆ ಪರದೆಗೆ ಬಂದಿದ್ದೇನೆ. ನನ್ನ ಲೆಕ್ಕದಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಳೆಗಳನ್ನು ಮರಳಿ ಮಾಡಿಸಲು ಸಾಧ್ಯವಾಗಲಿಲ್ಲ. ಚಿನ್ನದ ಬೆಲೆ ಈಗ ಎಲ್ಲಿಗೆ ಮುಟ್ಟಿದೆ ಎಂದು ನಿಮಗೆ ಗೊತ್ತೇ ಇದೆ. ಮದುವೆ ಮನೆಗಳಲ್ಲಿ ಒಮ್ಮೊಮ್ಮೆ ಬರಿದಾದ ಮಣಿಕಟ್ಟನ್ನು ತೋಳಿನೊಳಗೆ ಎಳೆದುಕೊಳ್ಳುತ್ತೇನೆ. ನಾಚಿಕೆ ಪೂರ್ತಿ ಹೋಗಿಲ್ಲ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇದ್ದಕ್ಕಿದ್ದಂತೆ ಖರ್ಚು ಮಾಡುವ, ಸಿಡುಕುವ, ಕೆಲಸ ಬಿಟ್ಟು ಬರುವ ಮಗಳೋ ಸೊಸೆಯೋ ಇರಬಹುದು. ಅವಳಿಗೆ ಸೊಕ್ಕು ಎಂದು ತೀರ್ಮಾನಿಸುವ ಮುನ್ನ ಒಮ್ಮೆ ಪಕ್ಕದಲ್ಲಿ ಕುಳಿತು, "ನಿನಗೆ ಏನಾದರೂ ಹೆದರಿಕೆಯಿದೆಯಾ?" ಎಂದು ಕೇಳಿ ನೋಡಿ. ನಂತರ ಡಾಕ್ಟರರ ಬಳಿಗೆ ಕರೆದೊಯ್ಯಿರಿ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ, ದುಬಾರಿ ಆಸ್ಪತ್ರೆಗೇ ಹೋಗಬೇಕೆಂದಿಲ್ಲ.

ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಪರೀಕ್ಷೆಯ ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತವಳು ನನ್ನ ಮುಖ ನೋಡಿದಳು. ಹಳೆಯ ಪ್ರಶ್ನೆ ಕೇಳುತ್ತಾಳೇನೋ ಎಂದು ಎದೆ ಧಸಕ್ಕೆಂದಿತು. ಅವಳು ಕೇಳಲಿಲ್ಲ. "ಉಮ್ಮಾ, ನನಗೆ ಸ್ವಲ್ಪ ಹೆದರಿಕೆಯಾಗ್ತಾ ಇದೆ" ಎಂದಳು.

ಅವಳಿಗೆ ಹೇಳಲು ಬಂತಲ್ಲ ಎಂದು ಸಮಾಧಾನವಾಯಿತು. ಕೈ ಹಿಡಿದುಕೊಂಡು ಬಸ್ ಬರುವವರೆಗೆ ಅವಳ ಜೊತೆಯಲ್ಲೇ ನಿಂತೆ.